ನಂಬರಿಲ್ಲದ ಸಂಗಮ

ಸೋಮವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಬೆಂಗಳೂರಿನಿಂದ ಫೋನ್ ಬಂದಾಗ ಸುಚೇತಾ ನಂಜನಗೂಡಿನ ಪಾಲಿಟೆಕ್ನಿಕ್‌ನಲ್ಲಿ ಎರಡನೇ ವರ್ಷದವರಿಗೆ ಬೆಸುಗೆ ಹಾಕುವುದನ್ನು ಕಲಿಸುತ್ತಿದ್ದಳು. ಕರೆ ಮಾಡಿದವರು ಕೃಷ್ಣಪ್ರಸಾದ್. ಹಳೆಯ ಕಂಪ್ಯೂಟರುಗಳನ್ನು ಹರಾಜು ಹಾಕುವ ಸಂಸ್ಥೆಯಲ್ಲಿ ಆ ವಿಭಾಗದ ಮುಖ್ಯಸ್ಥರು. ಧ್ವನಿ ಏರಿಸುವ ಮನುಷ್ಯರಲ್ಲ. ಕೆಟ್ಟ ಸುದ್ದಿಯನ್ನೂ ರೈಲಿನ ವೇಳೆ ತಿಳಿಸಿದಷ್ಟೇ ಸಮಾಧಾನದಿಂದ ಹೇಳುತ್ತಾರೆ.

“ಇನ್ನೊಂದು ಸಂಗಮ ಬಂದಿದೆ ಮೇಡಮ್. ಪುಣೆಯಿಂದ. ಪ್ಲೇಟಿನ ಮೇಲೆ ಸೊನ್ನೆ ಸೊನ್ನೆ ಒಂದು ಅಂತ ಇದೆ.”

ಸುಚೇತಾ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ವರಾಂಡಕ್ಕೆ ಬಂದಳು.

ಸಂಗಮ ಎಂಬುದು ಒಂದು ಕಂಪ್ಯೂಟರಿನ ಹೆಸರು. 1984ರಿಂದ 1987ರವರೆಗೆ, ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನಲ್ಲಿ, ಮೂವತ್ತೊಂದು ಜನ ಸೇರಿ ಕಟ್ಟಿದ ಯಂತ್ರ. ಕೀಲಿಮಣೆಯಲ್ಲಿ ಕನ್ನಡ ಅಕ್ಷರ, ಪರದೆಯ ಮೇಲೂ ಕನ್ನಡ ಅಕ್ಷರ. ಒಟ್ಟು ನಲವತ್ತು ತಯಾರಾದವು. ಆಮೇಲೆ ಕಾರ್ಖಾನೆ ಮುಚ್ಚಿತು, ಕಾಗದಪತ್ರಗಳು ರದ್ದಿಗೆ ಹೋದವು, ಯಂತ್ರಗಳು ಗುಜರಿಗೆ ಹೋದವು. ಉಳಿದಿರುವುದು ಏಳು ಎಂದು ಸಂಗ್ರಹಕಾರರ ಲೆಕ್ಕವಿತ್ತು. ಪುಣೆಯದು ಸೇರಿ ಎಂಟಾಯಿತು. ಎಂಟರಲ್ಲಿ ಮೊದಲು ಹುಟ್ಟಿದ್ದು ಯಾವುದು ಎಂಬುದಕ್ಕೆ ಹರಾಜಿನ ಲೋಕದಲ್ಲಿ ತುಂಬ ಬೆಲೆ.

ಆ ಮೊದಲನೆಯದು ತಿ. ನರಸೀಪುರದ ಮಂಚಮ್ಮನವರ ಮನೆಯಲ್ಲಿದ್ದ ಯಂತ್ರ ಎಂದು ಸುಚೇತಾ ಮೂರು ತಿಂಗಳ ಹಿಂದೆ ಬರೆದುಕೊಟ್ಟಿದ್ದಳು. ಅದು ಅವಳ ಅರವತ್ತನಾಲ್ಕನೇ ದೃಢೀಕರಣ ವರದಿ. ಹನ್ನೆರಡು ವರ್ಷಗಳಿಂದ ರಜಾದಿನಗಳಲ್ಲಿ ಮಾಡಿಕೊಂಡು ಬಂದ ಈ ಕೆಲಸದಲ್ಲಿ ಅವಳ ಒಂದು ವರದಿಯೂ ವಾಪಸು ಬಂದಿರಲಿಲ್ಲ. ‘ಇರಬಹುದು’ ಎಂಬ ಪದವನ್ನು ಅವಳು ವರದಿಯಲ್ಲಿ ಬಳಸುತ್ತಿರಲಿಲ್ಲ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಗೊತ್ತಿಲ್ಲ.

ಮಂಚಮ್ಮನವರ ಯಂತ್ರದಲ್ಲಿ ಎಲ್ಲವೂ ಹೊಂದಿಕೆಯಾಗಿತ್ತು. ಚಿಪ್ಪುಗಳ ಬೆನ್ನಿನ ಮೇಲೆ ತಯಾರಾದ ವರ್ಷ ಮತ್ತು ವಾರವನ್ನು ನಾಲ್ಕು ಅಂಕಿಗಳಲ್ಲಿ ಅಚ್ಚು ಹಾಕಿರುತ್ತಾರೆ. 8419 ಎಂದರೆ 1984ರ ಹತ್ತೊಂಬತ್ತನೇ ವಾರ. ಈ ಯಂತ್ರದಲ್ಲಿ 8426ರ ಆಚೆಯದು ಒಂದೂ ಇರಲಿಲ್ಲ. ಬೋರ್ಡಿನ ತಾಮ್ರದ ಗೆರೆಗಳನ್ನು ಕೈಯಲ್ಲೇ ಎಳೆದಿದ್ದರು. ಇಲ್ಲದ್ದು ಒಂದೇ. ಹಿಂಬದಿಯ ಅಲ್ಯೂಮಿನಿಯಂ ಪ್ಲೇಟಿನಲ್ಲಿ ‘ಸಂಗಮ’ ಎಂಬ ಹೆಸರಿತ್ತು, ನಂಬರಿನ ಜಾಗ ಖಾಲಿಯಿತ್ತು.

ಪುಣೆಯ ಯಂತ್ರದ ಚಿಪ್ಪುಗಳೂ ಅಷ್ಟೇ ಹಳೆಯವು ಎಂದರು ಕೃಷ್ಣಪ್ರಸಾದ್. ಚಿಪ್ಪುಗಳನ್ನು ಕಿತ್ತು ಬದಲಿಸುವುದು ಹತ್ತು ನಿಮಿಷದ ಕೆಲಸ ಎಂದು ಸುಚೇತಾ ಹೇಳಿದಳು. ಅದು ಎರಡೂ ಯಂತ್ರಗಳಿಗೆ ಅನ್ವಯಿಸುತ್ತದಲ್ಲ ಎಂದು ಅವರು ತಣ್ಣಗೆ ಉತ್ತರಿಸಿದರು. ಶುಕ್ರವಾರ ಸಂಜೆ ಐದಕ್ಕೆ ಕ್ಯಾಟಲಾಗ್ ಮುದ್ರಣಕ್ಕೆ ಹೋಗುತ್ತದೆ. ಅಷ್ಟರೊಳಗೆ ಪುರಾವೆ ಸಿಗದಿದ್ದರೆ ನಂಬರಿದ್ದದ್ದೇ ಮೊದಲನೆಯದು. ನಂಬರಿಲ್ಲದ್ದರ ಕೆಳಗೆ ‘ಬಿಡಿಭಾಗಗಳಿಂದ ಜೋಡಿಸಿದ್ದು, ಮೂಲ ಅಸ್ಪಷ್ಟ’ ಎಂದು ಅಚ್ಚಾಗುತ್ತದೆ.

“ನಿಮ್ಮ ಮೇಲಿನ ನಂಬಿಕೆ ಬೇರೆ ವಿಷಯ ಮೇಡಮ್. ಖಾಲಿ ಪ್ಲೇಟನ್ನು ತೋರಿಸಿ ಇದೇ ಒಂದು ಅಂತ ನಾನು ಹೇಗೆ ಹೇಳಲಿ?”

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಅದಕ್ಕೇ ಸುಚೇತಾಳಿಗೆ ಅಂದು ಮಧ್ಯಾಹ್ನದ ಊಟ ಸೇರಲಿಲ್ಲ.

*

ಮಂಗಳವಾರ ರಜೆ ಹಾಕಿ ಅವಳು ತಿ. ನರಸೀಪುರದ ಬಸ್ಸು ಹತ್ತಿದಳು.

ಮಂಚಮ್ಮನವರದು ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಬೀದಿಯಲ್ಲಿ ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧ ಮತ್ತು ಅಂಬೇಡ್ಕರರ ಪಟ. ಕೆಳಗೆ ಮರದ ಮೇಜು. ಯಂತ್ರವನ್ನು ಹರಾಜಿಗೆಂದು ಬೆಂಗಳೂರಿಗೆ ಸಾಗಿಸಿದ ಮೇಲೆ ಮೇಜಿನ ಮೇಲೆ ಅದು ಕೂತಿದ್ದ ಜಾಗ ಮಾತ್ರ ಹೊಸ ಹಲಗೆಯಂತೆ ಹೊಳೆಯುತ್ತಿತ್ತು. ಆ ಚೌಕದ ಮೇಲೆ ಅವರು ಏನನ್ನೂ ಇಟ್ಟಿರಲಿಲ್ಲ.

ಅವರಿಗೆ ಅರವತ್ತಾರು. ಇಪ್ಪತ್ತೈದರ ಪ್ರಾಯದಲ್ಲಿ ಸಂಗಮದ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸಕ್ಕೆ ಸೇರಿ, ಕಾರ್ಖಾನೆಯ ಕೊನೆಯ ದಿನದವರೆಗೂ ಅಲ್ಲೇ ಇದ್ದವರು. ಮೊದಲ ಬೋರ್ಡಿಗೆ ಹಾಕಿದ್ದು ಆರುನೂರ ಹದಿನಾಲ್ಕು ಬೆಸುಗೆ ಎಂಬುದನ್ನು ಈಗಲೂ ಹೇಳುತ್ತಾರೆ. ಸುಚೇತಾ ಭೂತಗನ್ನಡಿ ಹಿಡಿದು ಎಣಿಸಿದ್ದಳು. ಆರುನೂರ ಹದಿನಾಲ್ಕೇ ಇದ್ದವು. ಆ ಯಂತ್ರದ ಪರದೆಯ ಮೇಲೆ ಮೊದಲ ಸಲ ‘ಅ’ ಮೂಡಿದಾಗ ಶೆಡ್ಡಿನಲ್ಲಿದ್ದವರೆಲ್ಲ ಕೈತೊಳೆಯದೆ ಸಿಹಿ ತಿಂದಿದ್ದರಂತೆ. ಕಾರ್ಖಾನೆ ಮುಚ್ಚುವಾಗ, ನಂಬರಿಲ್ಲದ ಯಂತ್ರಕ್ಕೆ ಬಿಲ್ ಹಾಕಲು ಬರುವುದಿಲ್ಲವೆಂದು ಅದೊಂದು ಮಾರಾಟವಾಗದೆ ಉಳಿದಿತ್ತು. ಮ್ಯಾನೇಜರ್ ನಾಗಯ್ಯನವರು ಅದನ್ನು ಮಂಚಮ್ಮನಿಗೇ ಕೊಟ್ಟು ಗೇಟ್ ಪಾಸ್ ಬರೆದರು: ‘ಸಂಗಮ ಯಂತ್ರ, ನಂಬರ್ ಇಲ್ಲ, ಮಾರಾಟಕ್ಕಲ್ಲ.’ ನಾಗಯ್ಯನವರು ತೀರಿಕೊಂಡು ಹದಿನೈದು ವರ್ಷವಾಗಿತ್ತು.

ಮಡಿಲಲ್ಲಿ ಯಂತ್ರವಿಟ್ಟುಕೊಂಡು ಬಸ್ಸಿನಲ್ಲಿ ಬಂದ ಅವತ್ತಿನಿಂದ ಬೀದಿಯವರು ಅವರಿಗೆ ಕಂಪ್ಯೂಟ್ರು ಮಂಚಮ್ಮ ಎಂದು ಹೆಸರಿಟ್ಟಿದ್ದರು. ಪ್ರೀತಿಯಿಂದ ಇಟ್ಟದ್ದಲ್ಲ. ಕನ್ನಡ ಬರೆಯುವ ಮೊದಲನೇ ಸಂಗಮಕ್ಕೆ ಬೆಸುಗೆ ಹಾಕಿದವಳು ನಾನು ಎಂದು ಅವರು ಹೇಳಿದಾಗಲೆಲ್ಲ ಎದುರು ಮನೆಯ ಚಂಪಕ, ಹೌದು ಮತ್ತೆ, ಮೊದಲನೇ ವಿಮಾನವನ್ನೂ ನೀನೇ ಬಿಟ್ಟಿದ್ದು ಎನ್ನುತ್ತಿದ್ದಳು. ಸುಚೇತಾಳ ವರದಿ ಬಂದ ಮೇಲೆ ಆ ಬಾಯಿ ಮುಚ್ಚಿತ್ತು.

ಸುಚೇತಾ ಪುಣೆಯ ವಿಷಯವನ್ನು ಏನೂ ಮುಚ್ಚಿಡದೆ ಹೇಳಿದಳು. ‘ಬಿಡಿಭಾಗಗಳಿಂದ ಜೋಡಿಸಿದ್ದು’ ಎಂಬ ಮಾತನ್ನೂ ಬಿಡಲಿಲ್ಲ. ಮಂಚಮ್ಮ ಸೆರಗಿನ ತುದಿಯಿಂದ ಆ ಖಾಲಿ ಚೌಕವನ್ನು ಒರೆಸಿದರು.

“ಅಂಗಾರೆ ನಲ್ವತ್ತು ವರ್ಸದಿಂದ ನಾನು ಸುಳ್ಳು ಏಳ್ಕಂಡು ಬಂದಿವ್ನಾ, ಮೇಡಮ್ಮೋರೆ?”

“ನೀವು ಹೇಳಿದ್ದು ಸುಳ್ಳಲ್ಲ ಮಂಚಮ್ಮನವರೇ. ನಾನು ಬರೆದದ್ದು ಸಾಲದು. ಆ ಪ್ಲೇಟು ಯಾಕೆ ಖಾಲಿ ಇತ್ತು?”

ಅದು ಅವರಿಗೂ ಗೊತ್ತಿರಲಿಲ್ಲ. ಬೆಸುಗೆಯ ಸಾಲಿನವರು ಸ್ಟೋರಿನೊಳಕ್ಕೆ ಕಾಲಿಡುವಂತಿರಲಿಲ್ಲ. ಪ್ಲೇಟಿಗೆ ನಂಬರು ಹೊಡೆಯುತ್ತಿದ್ದವರು ಸ್ಟೋರ್ ಕೀಪರ್ ಪುಟ್ಟಬಸವಯ್ಯ, ಬಿಳಿಗೆರೆಯವರು, ಇನ್ನೂ ಗಟ್ಟಿಮುಟ್ಟಾಗಿದ್ದಾರೆಂದು ಹೋದ ವರ್ಷ ಮದುವೆಯೊಂದರಲ್ಲಿ ಕೇಳಿದ್ದು ನೆನಪು. ಈ ಹೆಸರನ್ನು ಮೂರು ತಿಂಗಳ ಹಿಂದೆಯೇ ತಾನು ಕೇಳಿ ಪಡೆಯಬೇಕಿತ್ತು ಎಂದು ಸುಚೇತಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಚಿಪ್ಪಿನ ಬೆನ್ನನ್ನೆಲ್ಲ ಓದಿದವಳು ನಂಬರು ಹೊಡೆದ ಕೈ ಯಾರದೆಂದು ವಿಚಾರಿಸಿರಲಿಲ್ಲ.

ಹೊರಡುವಾಗ ಮಂಚಮ್ಮ ಬಾಗಿಲವರೆಗೂ ಬಂದು ಒಂದು ಎಚ್ಚರಿಕೆ ಕೊಟ್ಟರು.

“ಆವಯ್ಯ ಏನಾರ ಎಣಿಸ್ತಾ ಇದ್ರೆ ನಡುವೆ ಬಾಯಿ ಆಕ್ಬ್ಯಾಡಿ. ಮ್ಯಾನೇಜ್ರಿಗೇ ಬಯ್ದಿದ್ದ ಆಸಾಮಿ.”

*

ಬುಧವಾರ ಬಿಳಿಗೆರೆಯಲ್ಲಿ ಪುಟ್ಟಬಸವಯ್ಯನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮನೆಯ ಮುಂದಿನ ಅಂಗಳದಲ್ಲಿ ಒಕ್ಕಿ ತೂರಿದ ಹುರುಳಿಯ ರಾಶಿಯ ಎದುರು, ತಲೆಗೆ ಟವೆಲ್ ಸುತ್ತಿಕೊಂಡು, ಎಂಬತ್ತೆರಡರ ಮುದುಕರೊಬ್ಬರು ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಹಿತ್ತಾಳೆಯ ಸೇರು. ಪಕ್ಕದ ಮನೆಯ ಕರಿಯಯ್ಯ ಚೀಲದ ಬಾಯಿ ಹಿಡಿದಿದ್ದ. ಹುರುಳಿ ಕರಿಯಯ್ಯನದು. ಜಗುಲಿಯ ಮೇಲೆ ಅವನ ಹೊಸ ತೂಕದ ಯಂತ್ರ, ಹಸಿರು ಅಂಕಿ ಬೆಳಗಿಸಿಕೊಂಡು, ಯಾರಿಗೂ ಬೇಡವಾಗಿ ಕೂತಿತ್ತು.

ಸುಚೇತಾ ನಮಸ್ಕಾರ ಎಂದಳು. ಮುದುಕರು ತಿರುಗಿ ನೋಡಲಿಲ್ಲ. “ಐವತ್ತಾರು,” ಎಂದು ಸೇರನ್ನು ಚೀಲಕ್ಕೆ ಸುರಿದರು. ಕರಿಯಯ್ಯ ಕಣ್ಣಲ್ಲೇ ಸನ್ನೆ ಮಾಡಿ ಅವಳನ್ನು ಜಗುಲಿಯ ಕಡೆ ಕಳಿಸಿದ. ಮಂಚಮ್ಮನವರ ಮಾತು ನೆನಪಾಗಿ ಅವಳು ಕೂತಳು. ನಾಳೆ, ನಾಳಿದ್ದು, ಎರಡೇ ದಿನ ಉಳಿದಿತ್ತು. ಇಲ್ಲಿ ನೋಡಿದರೆ ಹುರುಳಿಯ ಎಣಿಕೆ.

ಅರವತ್ತಕ್ಕೆ ಚೀಲ ತುಂಬಿತು. ಕರಿಯಯ್ಯ ಅದರ ಬಾಯಿ ಕಟ್ಟಿ ಪಕ್ಕಕ್ಕೆ ದೂಡಿ ಹೊಸ ಚೀಲ ಬಿಡಿಸಿದ. ಪುಟ್ಟಬಸವಯ್ಯ ರಾಶಿಯೊಳಗೆ ಸೇರನ್ನು ಅದ್ದಿ, ಮೇಲಿನದನ್ನು ಅಂಗೈಯಲ್ಲಿ ಸವರಿ, ಎರಡೂ ಕೈಯಲ್ಲಿ ಎತ್ತಿ ಒಮ್ಮೆ ಕಣ್ಣಿಗೊತ್ತಿಕೊಂಡರು.

“ಲಾಭ,” ಎಂದು ಸುರಿದರು.

ಮತ್ತೆ ಅದ್ದಿದರು. “ಎಲ್ಡು.” ಮತ್ತೆ. “ಮೂರು.”

ಸುಚೇತಾ ಎದ್ದು ನಿಂತಳು. ಹಾಗೆ ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಮಂಚಮ್ಮನವರ ಯಂತ್ರಕ್ಕೆ ಕರೆಂಟು ಕೊಡುವ ಮೊದಲು, ಸುರುಳಿ ಸುಟ್ಟಿದೆಯೇ ಎಂದು ನೋಡಲು ಅವಳು ಅದರ ಟ್ರಾನ್ಸ್‌ಫಾರ್ಮರನ್ನು ಕಳಚಿದ್ದಳು. ಆ ಭಾರದ ಪೆಟ್ಟಿಗೆಯ ಅಡಿಯ ತಗಡಿನಲ್ಲಿ, ಮೊಳೆಯಿಂದ ಗೀಚಿದ ಎರಡು ಅಕ್ಷರಗಳಿದ್ದವು. ಅವಳು ಅದರ ಫೋಟೋ ತೆಗೆದಿದ್ದಳು, ಮೂವತ್ತೆಂಟನೇ ಫೋಟೋ. ವರದಿಯ ಆರನೇ ಪುಟದಲ್ಲಿ ಅದರ ಬಗ್ಗೆ ಒಂದು ಸಾಲನ್ನೂ ಬರೆದಿದ್ದಳು: ‘ಒಳಗೆ ಲಾಭ ಎಂಬ ಬರಹ. ಆಯುಧಪೂಜೆಯ ಸಂದರ್ಭದ್ದು. ಮಹತ್ವವಿಲ್ಲ.’ ಅಂಗಡಿಗಳ ಗೋಡೆಯಲ್ಲಿ, ಲೆಕ್ಕದ ಪುಸ್ತಕದ ತಲೆಯಲ್ಲಿ ಅಂಥದ್ದನ್ನು ಬರೆಯುವುದು ಅವಳು ಕಂಡದ್ದೇ.

ಈ ಚೀಲ ಮುಗಿಯುವವರೆಗೆ ಅವಳು ಕಾದಳು. ಈ ಸಲ ಅವಸರವಿರಲಿಲ್ಲ. ಇಪ್ಪತ್ತೆರಡಕ್ಕೆ ರಾಶಿ ಮುಗಿಯಿತು.

“ಯಜಮಾನರೇ, ಮೊದಲನೇ ಸೇರಿಗೆ ಒಂದು ಅನ್ನಲಿಲ್ಲ ನೀವು.”

ಕರಿಯಯ್ಯ ನಕ್ಕುಬಿಟ್ಟ. “ಪ್ಯಾಟೆಯೋರು ಕಣಣ್ಣೋ. ಪಾಕೀಟು ಅರ್ದು ಸುರ್ಕೊಳೋರ್ಗೆ ಎಣಿಕೆ ಎಂಗ್ ಗೊತ್ತಾದದು?”

ಪುಟ್ಟಬಸವಯ್ಯ ನಗಲಿಲ್ಲ. “ರಾಸಿ ಮುಂದೆ ಕುಂತ್ಕಂಡು ಒಂದು ಅಂತ ಯಾರ್ ಸುರು ಮಾಡ್ತಾರವ್ವ? ಮೊದಲ್ನೇದು ಲಾಭ. ಆಮ್ಯಾಕೆ ಎಲ್ಡು. ನಮ್ಮಪ್ಪ ಅಂಗೇ ಅಳೀತಿದ್ದ, ಅವ್ರಪ್ಪ ಅಂಗೇ ಅಳೀತಿದ್ದ.”

ಸುಚೇತಾ ಫೋನಿನಲ್ಲಿ ಮೂವತ್ತೆಂಟನೇ ಫೋಟೋ ತೆಗೆದು ಅವರ ಕೈಗಿಟ್ಟಳು. ಅದು ಏನೆಂದು ಹೇಳಲಿಲ್ಲ. ಹೇಳಿ ಕೇಳಿದರೆ ಸಾಕ್ಷಿ ಕೆಡುತ್ತದೆ. ದಾರ ಕಟ್ಟಿದ ಕನ್ನಡಕವನ್ನು ಕಿವಿಗೆ ಏರಿಸಿಕೊಂಡು ಅವರು ಬಹಳ ಹೊತ್ತು ನೋಡಿದರು. ಬೆರಳು ಗಾಜಿನ ಮೇಲೆ ‘ಭ’ದ ಉದ್ದಕ್ಕೂ ಮೆಲ್ಲಗೆ ಹರಿಯಿತು.

“ಇದು ನನ್ ಕೈ ಬರವಣ್ಗೆ. ಸಂಗಮದ್ದು. ಬಾರದ ಡಬ್ಬದ ಅಡೀಲಿ ಗೀಚಿದ್ದೆ. ನಿಮ್ಗೆಲ್ಲಿ ಸಿಕ್ತು?”

ಆಮೇಲೆ ಕಥೆ ತಾನಾಗಿ ಹೊರಬಂತು. ಕಾರ್ಖಾನೆಗೆ ಸೇರುವ ಮೊದಲು ಅವರು ತಿ. ನರಸೀಪುರದ ಅಕ್ಕಿ ಗಿರಣಿಯಲ್ಲಿ ಹದಿನಾಲ್ಕು ವರ್ಷ ಭತ್ತ ಅಳೆದವರು. ಸ್ಟೋರಿನ ಕೆಲಸ ಸಿಕ್ಕಿದಾಗ ಮ್ಯಾನೇಜರ್ ನಾಗಯ್ಯನವರು ಒಂದು ಡಬ್ಬಿ ಕೊಟ್ಟರು; ಅದರಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಉಕ್ಕಿನ ಅಚ್ಚುಗಳು. ಯಂತ್ರ ಬಂದ ಹಾಗೆ ಪ್ಲೇಟಿನ ಮೇಲೆ ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆಯಬೇಕು. ಮೊದಲನೇ ಯಂತ್ರ ಬಂದು ಮುಂದೆ ಕೂತಾಗ ಪುಟ್ಟಬಸವಯ್ಯನವರಿಗೆ ಪೇಚಾಟವಾಯಿತು.

“ಲಾಭ ಅಂತ ಒಡೆಯೋಕೆ ಆ ಡಬ್ಬೀಲಿ ಅಚ್ಚಿಲ್ಲ. ಒಂದು ಅಂತ ಒಡೆಯೋಕೆ ನಂಗೆ ಮನಸಿಲ್ಲ. ಪ್ಲೇಟ್ನ ಅಂಗೇ ಬುಟ್ಟು, ಬಾರದ ಡಬ್ಬ ಬಿಚ್ಚಿ ಅಡೀಲಿ ಮೊಳೇಲಿ ಗೀಚ್ದೆ. ಮುಂದಿನ್ದಕ್ಕೆ ಎಲ್ಡು ಅಂತ ಒಡ್ದೆ.”

ನಾಗಯ್ಯನವರು ಇದನ್ನು ಕಂಡುಹಿಡಿದದ್ದು ವಾರದ ಮೇಲೆ. ಅಷ್ಟರಲ್ಲಿ ಎರಡೂ ಮೂರೂ ಲಾರಿ ಹತ್ತಿ ಹೋಗಿದ್ದವು. ಈಗಲಾದರೂ ಒಂದು ಎಂದು ಹೊಡಿ ಎಂದು ಅವರು ರೇಗಿದರಂತೆ. ಮೂರರ ಮೇಲೆ ಒಂದು ಬಂದರೆ ಎಣಿಕೆ ಏನಾಯಿತು ಸ್ವಾಮಿ, ನಿಮಗೆ ಎಣಿಸೋಕೆ ಬರುತ್ತೋ ಇಲ್ಲವೋ ಎಂದು ಇವರು ತಿರುಗಿ ಕೇಳಿದರಂತೆ. ಮ್ಯಾನೇಜರಿಗೆ ಬಯ್ದ ಆಸಾಮಿ ಎಂಬ ಖ್ಯಾತಿ ಬಂದದ್ದು ಅಂದೇ.

ಸುಚೇತಾ ಕೊನೆಯ ಪ್ರಶ್ನೆ ಕೇಳಿದಳು. ಒಳಗೆ ಗೀಚಿದ್ದು ಅದೊಂದಕ್ಕೆ ಮಾತ್ರವೇ?

“ಎಲ್ಲಾದ್ರ ಒಟ್ಟೆಲೂ ಗೀಚಿವ್ನಿ. ಪ್ಲೇಟು ಎಲ್ಡು ತಿರುಪಿನ ಮ್ಯಾಲೆ ನಿಂತಿರೋದು ಕಣವ್ವ. ಬಿದ್ದೋದ್ರೆ? ಇಲ್ಲ, ಯಾರಾರ ಬದ್ಲಾಯ್ಸುದ್ರೆ?”

*

ಪುಟ್ಟಬಸವಯ್ಯನವರ ಹೇಳಿಕೆಯನ್ನು ಅವರ ಮಾತಿನಲ್ಲೇ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡು ಸುಚೇತಾ ನಾಲ್ಕು ಗಂಟೆಗೆ ಪಾಲಿಟೆಕ್ನಿಕ್ ತಲುಪಿದಳು. ಅಲ್ಲಿನ ಪ್ರಯೋಗಾಲಯದ ಗಾಜಿನ ಬೀರುವಿನಲ್ಲಿ ಒಂದು ಸಂಗಮವಿತ್ತು: ಒಂಬತ್ತನೇ ನಂಬರು, 1985ರಲ್ಲಿ ಕಾಲೇಜು ಕೊಂಡದ್ದು. ಹಳೆಯ ಯಂತ್ರಗಳ ಹುಚ್ಚು ಅವಳಿಗೆ ಹಿಡಿದದ್ದೇ ಅದರಿಂದ. ಅದನ್ನು ಎಷ್ಟು ಸಲ ಬಿಚ್ಚಿದ್ದಳೋ ಲೆಕ್ಕವಿಲ್ಲ. ಟ್ರಾನ್ಸ್‌ಫಾರ್ಮರ್ ಚೆನ್ನಾಗಿತ್ತಾದ್ದರಿಂದ ಅದನ್ನು ಕಳಚುವ ಸಂದರ್ಭ ಮಾತ್ರ ಬಂದಿರಲಿಲ್ಲ.

ನಾಲ್ಕು ಬೋಲ್ಟು. ಮೂರು ಸಲೀಸಾಗಿ ಬಂದವು. ನಾಲ್ಕನೆಯದಕ್ಕೆ ಎಣ್ಣೆ ಬಿಟ್ಟು ಕಾಲು ಗಂಟೆ ಕಾಯಬೇಕಾಯಿತು. ಪೆಟ್ಟಿಗೆ ಎತ್ತಿ ಬ್ರಷ್ಷಿನಲ್ಲಿ ದೂಳು ಸರಿಸಿದಳು.

೯.

ಕನ್ನಡದ ಅಂಕಿ. ಮೊಳೆ ತಗಡಿಗೆ ನಾಟಿದ ಜಾಗದಲ್ಲಿ ಚುಕ್ಕೆ, ಬಿಟ್ಟ ಜಾಗದಲ್ಲಿ ಬಾಲ. ಹನ್ನೆರಡು ವರ್ಷ ಅವಳ ಕಣ್ಣ ಮುಂದೆಯೇ ಕೂತಿತ್ತು.

ಗುರುವಾರ ಬೆಳಿಗ್ಗೆ ಎಂಟೂವರೆಗೆ ಅವಳು ಕೃಷ್ಣಪ್ರಸಾದರಿಗೆ ಇಮೇಲ್ ಕಳಿಸಿದಳು. ಹೇಳಿಕೆ, ಒಂಬತ್ತನೇ ನಂಬರಿನ ಫೋಟೋ, ಮೂವತ್ತೆಂಟನೇ ಫೋಟೋ. ಕೊನೆಗೆ ಎರಡು ಸಾಲು: ‘ಪುಣೆಯ ಯಂತ್ರದ ಟ್ರಾನ್ಸ್‌ಫಾರ್ಮರಿನ ಅಡಿಯಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು ಒಂದು ಆಗಿರುವುದಿಲ್ಲ.’

ಒಂಬತ್ತಕ್ಕೇ ಅವರ ಕರೆ ಬಂತು.

“ಹಳ್ಳಿಯ ಅಜ್ಜ ಒಬ್ಬರು ನಲವತ್ತು ವರ್ಷದ ಹಿಂದಿನದ್ದು ಹೇಳಿದ್ದಾರೆ. ನಿಮ್ಮ ಕಾಲೇಜಿನದು ಒಂದು ಹೊಂದಿದೆ. ಒಪ್ಪಿದೆ. ಪುಣೆಯದರಲ್ಲಿ ಏನೂ ಇರದಿದ್ದರೆ?”

“ಅರವತ್ತನಾಲ್ಕನೇ ವರದಿ ವಾಪಸು ತೆಗೆದುಕೊಳ್ಳುತ್ತೇನೆ ಸರ್. ಒಂದು ಅಂತ ಇದ್ದರೂ ಅಷ್ಟೇ. ಇನ್ನು ಮುಂದೆ ಯಾವ ಯಂತ್ರಕ್ಕೂ ನನ್ನ ಸಹಿ ಬೇಡ.”

ಅಷ್ಟು ದೂರ ಹೋಗುವ ಅಗತ್ಯವಿಲ್ಲ ಎಂದರು ಕೃಷ್ಣಪ್ರಸಾದ್. ಇದೆ ಎಂದಳು ಸುಚೇತಾ. ಬಿಚ್ಚುವ ಮೊದಲು ಹೇಳಿದರೆ ಮಾತ್ರ ಅದು ಪುರಾವೆ.

ಪುಣೆಯ ಮಾಲೀಕರು ವಿಡಿಯೋ ಕರೆಯಲ್ಲಿ ಸೇರಿ, ಬಿಚ್ಚಲು ತಮ್ಮ ಅಡ್ಡಿಯೇನೂ ಇಲ್ಲ, ಆರು ವರ್ಷದ ಹಿಂದೆ ಒಬ್ಬ ದಲ್ಲಾಳಿಯಿಂದ ಕೊಂಡದ್ದು ಹೀಗೆಯೇ ಇದೆ ಎಂದರು. ಅವರ ಮುಖದಲ್ಲಿ ಅಳುಕಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಬೆಂಗಳೂರಿನ ಉಗ್ರಾಣದಲ್ಲಿ ಎರಡು ಸಂಗಮಗಳನ್ನು ಒಂದೇ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಸುಚೇತಾ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಪರದೆಯ ಎದುರು ಕೂತಳು. ತಂತ್ರಜ್ಞೆ ಶ್ವೇತ ಪುಣೆಯ ಯಂತ್ರದ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಬಟ್ಟಲಿಗೆ ಹಾಕುವುದು ಕಾಣುತ್ತಿತ್ತು, ಕೇಳುತ್ತಿತ್ತು. ಟ್ರಾನ್ಸ್‌ಫಾರ್ಮರ್ ಮೇಲೆದ್ದಿತು. ಅಡಿಯಲ್ಲಿ ಬೂದು ಬಣ್ಣದ ದೂಳು ದಪ್ಪಗೆ ಕೂತಿತ್ತು. ನಲವತ್ತು ವರ್ಷ ಯಾರ ಕೈಯೂ ಅಲ್ಲಿ ಬಿದ್ದಿರಲಿಲ್ಲ. ಶ್ವೇತ ಬ್ರಷ್ ಆಡಿಸಿ ಕ್ಯಾಮೆರಾವನ್ನು ಹತ್ತಿರ ತಂದಳು.

೨೩.

ಶ್ವೇತ ತಾನಾಗಿಯೇ ಹಿಂಬದಿಯ ಪ್ಲೇಟಿನ ಎರಡು ತಿರುಪು ತೆಗೆದು ಅದನ್ನು ಎತ್ತಿ ಹಿಡಿದಳು. ಅದರ ಕೆಳಗೆ ಯಂತ್ರದ ಬಣ್ಣದ ಮೇಲೆ ಹಳೆಯ ಪ್ಲೇಟೊಂದರ ಅಂಚಿನ ಗುರುತು, ಈಗಿನದಕ್ಕಿಂತ ಎರಡು ಮಿಲಿಮೀಟರ್ ದೊಡ್ಡದಾಗಿ, ಸ್ಪಷ್ಟವಾಗಿ ಕಂಡಿತು. ಪುಣೆಯ ಮಾಲೀಕರು ಹಣೆಗೆ ಕೈ ಹಚ್ಚಿದರು. ಆ ದಲ್ಲಾಳಿಯ ಹೆಸರನ್ನು ಬರೆದುಕೊಡುತ್ತೇನೆ ಎಂದರು.

ಕೃಷ್ಣಪ್ರಸಾದರ ಧ್ವನಿ ಆಗಲೂ ಏರಲಿಲ್ಲ. “ಇಪ್ಪತ್ತಮೂರು. ಸರಿ ಮೇಡಮ್. ಕ್ಯಾಟಲಾಗಿನಲ್ಲಿ ನಿಮ್ಮ ಯಂತ್ರದ ನಂಬರಿನ ಕಾಲಮ್ಮಿಗೆ ಏನು ಹಾಕಲಿ?”

“ಲಾಭ ಅಂತಲೇ ಹಾಕಿ ಸರ್. ಕನ್ನಡದಲ್ಲಿ.”

ಆ ಸಂಜೆ ಅವಳು ವರದಿಯನ್ನು ತಿದ್ದಿ ಮತ್ತೆ ಕಳಿಸಿದಳು. ಮೊದಲ ಪುಟದಲ್ಲೇ, ದಪ್ಪ ಅಕ್ಷರದಲ್ಲಿ: ‘ಹಿಂದಿನ ವರದಿಯ ಆರನೇ ಪುಟದಲ್ಲಿ ಈ ಬರಹಕ್ಕೆ ಮಹತ್ವವಿಲ್ಲ ಎಂದು ಬರೆದದ್ದು ನನ್ನ ತಪ್ಪು.’ ಮಂಚಮ್ಮನವರಿಗೆ ಫೋನ್ ಮಾಡಿ ಸುದ್ದಿ ಹೇಳಿದಳು. ಅವರು, ಆವಯ್ಯ ನನ್ನ ವಿಷಯ ಕೇಳಿದನಾ ಎಂದಷ್ಟೇ ಕೇಳಿದರು. ಕೇಳಿದರು ಎಂದಳು ಸುಚೇತಾ. ಆರುನೂರು ಚಿಲ್ಲರೆ ಬೆಸುಗೆ ಹಾಕಿ ಎಣಿಸಿಟ್ಟ ಹುಡುಗಿ ಈಗ ಹೇಗಿದ್ದಾಳೆ ಎಂದು ಕೇಳಿದ್ದರು.

*

ಹರಾಜು ನಡೆದದ್ದು ಫೆಬ್ರವರಿಯ ಎರಡನೇ ಶನಿವಾರ. ಬೆಂಗಳೂರಿಗೆ ಬರಲು ಕರೆದರೂ ಮಂಚಮ್ಮ ಒಪ್ಪಲಿಲ್ಲ. ಅದು ಈ ಮನೆಯಿಂದ ಹೋದದ್ದು, ಈ ಮನೆಯಿಂದಲೇ ನೋಡುತ್ತೇನೆ ಎಂದರು. ಸುಚೇತಾ ತನ್ನ ಲ್ಯಾಪ್‌ಟಾಪನ್ನು ಮೇಜಿನ ಮೇಲೆ, ಆ ಹೊಳೆಯುವ ಚೌಕವನ್ನು ಬಿಟ್ಟು ಪಕ್ಕದಲ್ಲಿ, ಇಟ್ಟಳು. ಬಿಳಿಗೆರೆಯಿಂದ ಕರಿಯಯ್ಯನ ಜೊತೆ ಪುಟ್ಟಬಸವಯ್ಯನವರೂ ಬಂದಿದ್ದರು, ಬಿಳಿ ಪಂಚೆ ಉಟ್ಟು, ಕಂಕುಳಲ್ಲಿ ರಸಬಾಳೆಯ ಚಿಪ್ಪು ಇಟ್ಟುಕೊಂಡು. ಮೂವತ್ತೇಳು ವರ್ಷಕ್ಕೂ ಮೇಲಾಗಿತ್ತು ಇಬ್ಬರೂ ಮುಖ ನೋಡಿ.

“ಏನಯ್ಯ, ನಿನ್ ಒಂದು ಗೀಚಾಟಕ್ಕೆ ನನ್ ಪ್ರಾಣ ಓಗೋದ್ರಲ್ಲಿತ್ತು,” ಎಂದರು ಮಂಚಮ್ಮ.

“ಗೀಚಿದ್ದಕ್ಕೇ ಉಳೀತು ಕಣಮ್ಮಿ. ಬುಟ್ಟಿದ್ರೆ ಗೊತ್ತಾಗೋದು.”

ಎದುರು ಮನೆಯ ಚಂಪಕಳೂ ಸೇರಿ ಹತ್ತು ಹನ್ನೆರಡು ಜನ ಬೀದಿಯವರು ಬಾಗಿಲಲ್ಲೂ ಕಿಟಕಿಯಲ್ಲೂ ನಿಂತಿದ್ದರು. ಮೊದಲು ಇಪ್ಪತ್ತಮೂರನೇ ನಂಬರಿನ ಸಂಗಮ ಬಂತು. ಅದರ ನಿಜವಾದ ನಂಬರನ್ನೇ ಹೇಳಿ ಮಾರಿದರು. ಎರಡು ಲಕ್ಷ ಎಂಬತ್ತು ಸಾವಿರಕ್ಕೆ ಹೋಯಿತು. ಆಮೇಲೆ ಪರದೆ ಬದಲಾಯಿತು. ಕಪ್ಪು ಬಟ್ಟೆಯ ಮೇಲೆ ಮಂಚಮ್ಮನವರ ಯಂತ್ರ, ಪಕ್ಕದಲ್ಲಿ ಮೂವತ್ತೆಂಟನೇ ಫೋಟೋ ದೊಡ್ಡದಾಗಿ. ಹರಾಜುಗಾರ ಕನ್ನಡದಲ್ಲೇ ಓದಿದ: ಸಂಗಮ, ನಂಬರು, ಲಾಭ, ಕಾರ್ಖಾನೆಯ ಮೊದಲ ಯಂತ್ರ, ಬೆಸುಗೆ, ಮಂಚಮ್ಮ, ಎಣಿಕೆ, ಪುಟ್ಟಬಸವಯ್ಯ.

ತಮ್ಮ ಹೆಸರು ಕೇಳಿಸಿದಾಗ ಮಂಚಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು, ಆ ಕಡೆಯವರಿಗೆ ತಾವು ಕಾಣುತ್ತೇವೋ ಎಂಬಂತೆ.

ಮೂರು ಲಕ್ಷಕ್ಕೆ ಶುರುವಾದದ್ದು ನಾಲ್ಕು ನಿಮಿಷದಲ್ಲಿ ಒಂಬತ್ತು ದಾಟಿತು. ಸಿಂಗಪುರದ ಒಬ್ಬ ಸಂಗ್ರಹಕಾರನೂ ಮೈಸೂರಿನ ಒಂದು ವಸ್ತುಸಂಗ್ರಹಾಲಯವೂ ಉಳಿದರು. ಹತ್ತು. ಹತ್ತೂವರೆ. ಹನ್ನೊಂದಕ್ಕೆ ಸಿಂಗಪುರದ ಕೈ ತಡೆಯಿತು. ಮೈಸೂರಿನವರು ಹನ್ನೊಂದು ಲಕ್ಷ ನಲವತ್ತು ಸಾವಿರ ಎಂದರು. ಆ ಕಡೆ ಸದ್ದಿಲ್ಲ. ಹರಾಜುಗಾರ ಸುತ್ತಿಗೆ ಎತ್ತಿದ.

“ಒಂದನೇ ಸಲ…”

“ನೋಡು, ಒಂದು ಅಂತಾವ್ನೆ,” ಎಂದರು ಪುಟ್ಟಬಸವಯ್ಯ ಬೇಸರದಿಂದ. “ಲಾಭ ಅನ್ನಕ್ಕೇನ್ ಬಂದದೆ ಇವುನ್ಗೆ?”

ಎರಡನೇ ಸಲ, ಮೂರನೇ ಸಲ. ಸುತ್ತಿಗೆ ಬಿತ್ತು. ಮನೆಯೊಳಗೆ ಬೀದಿಯವರ ಗದ್ದಲದಲ್ಲಿ ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ಮೈಸೂರಿನಲ್ಲಿ ಇಡುತ್ತಾರೆ, ಬೇಕೆಂದಾಗ ಬಸ್ಸು ಹತ್ತಿ ಹೋಗಿ ನೋಡಬಹುದು ಎಂದು ಸುಚೇತಾ ಎರಡು ಸಲ ಹೇಳಬೇಕಾಯಿತು. ಮಂಚಮ್ಮ ತಲೆಯಾಡಿಸಿದರು. ಅವರ ಕಣ್ಣು ಬಾಗಿಲ ಕಡೆ ಇತ್ತು. ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಚಂಪಕಳ ಮುಂದೆ ನಿಂತರು.

“ಕಂಪ್ಯೂಟ್ರು ಮಂಚಮ್ಮ ಅಂತಿದ್ದೆಯಲ್ಲ. ಇನ್ನೊಂದ್ಸಲ ಕರಿ.”

ಚಂಪಕ ಸುತ್ತ ನೋಡಿದಳು. ಬೀದಿಯೆಲ್ಲ ಕಾಯುತ್ತಿತ್ತು.

“ಕಂಪ್ಯೂಟ್ರು ಮಂಚಮ್ಮ,” ಎಂದಳು ಮೆಲ್ಲಗೆ.

“ಗಟ್ಟಿಯಾಗಿ.”

ಚಂಪಕ ಗಟ್ಟಿಯಾಗಿಯೇ ಕೂಗಿದಳು. ಮಂಚಮ್ಮ ಓಗೊಟ್ಟು, ಪುಟ್ಟಬಸವಯ್ಯನವರ ಕಂಕುಳಿನ ಚಿಪ್ಪಿನಿಂದ ಒಂದು ರಸಬಾಳೆ ಮುರಿದು ಅವಳ ಕೈಗಿಟ್ಟರು.